ಛತ್ರಿ ಕಥೆಯ ಟ್ಯಾಗು

"ಅಲ್ಲ ಸಿಕ್ಕಪ್ಪ, ಛತ್ರಿ ಕಥೆಗೆ ಛತ್ರಿ ಅನ್ನೋ ಟ್ಯಾಗೇ ಹಾಕಿಲ್ವಲ್ರೀ!"

ಮರದ ಅಡ್ಡಗೋಡೆಯ ಮೇಲೆ ಪಾಸಕ್ಕನ ತಲೆಯೂ ತಲೆಯ ಪಕ್ಕದಲ್ಲಿ ಅವಳ ಮೊಬೈಲೂ ಒಟ್ಟಿಗೆ ಮೂಡಿದವು. ಅವಳು ಕುರ್ಚಿ ಹತ್ತಿ ನಿಂತಿದ್ದಾಳೆಂದು ಆ ಕುರ್ಚಿಯ ಕಿರುಗುಟ್ಟುವ ಸದ್ದೇ ಹೇಳುತ್ತಿತ್ತು. ಯಾರದೋ ಒದ್ದೆ ಚೀಲವನ್ನು ಹಗ್ಗಕ್ಕೆ ನೇತುಹಾಕುತ್ತಿದ್ದ ಸಿಕ್ಕಪ್ಪ ಕೈಯನ್ನು ಹಾಗೇ ಮೇಲೆತ್ತಿಕೊಂಡು ತಿರುಗಿ ನೋಡಿದ.

ಬಸ್ ನಿಲ್ದಾಣದ ಹಿಂಬದಿಯಲ್ಲಿ ಒಂದು ಕೋಣೆಯನ್ನು ಎರಡು ಮಾಡಿ ಎರಡು ಕಿಟಕಿ ಇಟ್ಟಿದ್ದರು. ಒಂದರಲ್ಲಿ ತಿಂಗಳ ಪಾಸು ಕೊಡುತ್ತಿದ್ದರು. ಇನ್ನೊಂದರಲ್ಲಿ, ಬಸ್ಸಿನಲ್ಲಿ ಜನ ಬಿಟ್ಟುಹೋದ ವಸ್ತುಗಳನ್ನು ಅವರವರಿಗೆ ಹಿಂದಿರುಗಿಸುತ್ತಿದ್ದರು. ಪಾಸು ಕೊಡುವವಳು ಪಾಸಕ್ಕ ಆದಳು. ಇವನು ಬಂದವರಿಗೆಲ್ಲ "ಸಿಕ್ಕಿದೆ, ಸಿಕ್ಕಿದೆ, ಗಾಬರಿ ಬೇಡ" ಎಂದು ಹೇಳಿ ಹೇಳಿ ಸಿಕ್ಕಪ್ಪ ಆದ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅದಕ್ಕೆ ಅವನಿಗೇನೂ ಬೇಸರವಿರಲಿಲ್ಲ. ಆನ್‌ಲೈನಿನಲ್ಲಿ ಬರೆಯಲು ಶುರುಮಾಡಿದಾಗಲೂ ಲೇಖಕರ ಹೆಸರಿನ ಜಾಗದಲ್ಲಿ ಸಿಕ್ಕಪ್ಪ ಎಂದೇ ತುಂಬಿದ್ದ.

"ಐದು ಟ್ಯಾಗ್ ಹಾಕೋಕೆ ಬಿಡ್ತಾರೆ. ಐದರಲ್ಲಿ ನೀವು ಹಾಕಿರೋದು ನೋಡಿ," ಎಂದು ಪಾಸಕ್ಕ ಮೊಬೈಲನ್ನು ಮೂಗಿನ ಹತ್ತಿರ ತಂದುಕೊಂಡು ಓದಿದಳು. "ಸಾರಿಗೆ. ಕಚೇರಿ. ಕಪ್ಪು. ವಿಚಾರಣೆ. ಮಧ್ಯಾಹ್ನ. ಯಾವ ಪುಣ್ಯಾತ್ಮ ರೀ ಮಧ್ಯಾಹ್ನ ಅಂತ ಹುಡುಕ್ಕೊಂಡು ಬಂದು ಕಥೆ ಓದ್ತಾನೆ?"

"ಬೇಕಾದೋರು ಬರ್ತಾರೆ ಬಿಡಿ," ಎಂದ ಸಿಕ್ಕಪ್ಪ.

"ಬೇಕಾದೋರಿಗೆ ಗೊತ್ತಾಗ್ಬೇಕಲ್ಲ! ನಾಲ್ಕು ಜನ ಓದಿದ್ದಾರೆ. ಅದ್ರಲ್ಲಿ ನೀವೊಬ್ರು, ನಾನೊಬ್ಳು, ನಿಮ್ಮ ಭಾವಮೈದ ಒಬ್ರು. ಅವರು ಓದದೇ ಹೆಬ್ಬೆಟ್ಟು ಒತ್ತಿದ್ದಾರೆ, ಅದು ಬೇರೆ ಮಾತು. ನಾಲ್ಕನೇ ಆಸಾಮಿ ಏನ್ ಕೇಳಿದ್ದಾನೆ ನೋಡಿ. 'ಆಸ್ಪತ್ರೆ ಕಡೆ ಹೋಗೋ ಬಸ್ಸು ಭಾನುವಾರ ಇರುತ್ತಾ?' ಸಾರಿಗೆ ಅಂತ ಟ್ಯಾಗ್ ಹಾಕಿದ್ರೆ ಇಂಥೋರೇ ಬರೋದು. ಅದಕ್ಕೆ ನೀವು ಉತ್ತರ ಬೇರೆ ಕೊಟ್ಟಿದ್ದೀರಿ!"

"ಪಾಪ, ಯಾರಿಗೋ ಹುಷಾರಿಲ್ಲದೆ ಇರಬಹುದು," ಎಂದು ಸಿಕ್ಕಪ್ಪ ಚೀಲಕ್ಕೆ ಕ್ಲಿಪ್ಪು ಸಿಕ್ಕಿಸಿದ.

ಅಷ್ಟರಲ್ಲಿ ಅವನ ಕಿಟಕಿಗೆ ಒಬ್ಬ ಬಂದು ನಿಂತ. ಕೆಲಸಕ್ಕೆ ಹೊತ್ತಾದವನ ಮುಖ. ಹೊರಗಿನ ಫಲಕದ ಮೇಲೆ "ಒಂದು ಕೈಚೀಲ" ಎಂದಿದೆಯಲ್ಲ, ಅದು ನನ್ನದು ಎಂದ. ಬಣ್ಣ ಹೇಳಿದ, ಒಳಗೆ ಊಟದ ಡಬ್ಬಿ ಇದೆ ಎಂದೂ ಹೇಳಿದ. ಸಿಕ್ಕಪ್ಪ ಕಿಟಕಿಗೆ ಬಂದ, ಚೀಲ ತರಲು ಹೋಗಲಿಲ್ಲ. "ಗುರುತು ಏನಾದ್ರೂ?" ಎಂದು ಕೇಳಿದ. ಆ ಮನುಷ್ಯ ತಲೆ ಕೆರೆದುಕೊಂಡ. ಆಮೇಲೆ ನಾಚಿಕೊಂಡು, "ಡಬ್ಬಿ ಮುಚ್ಚಳಕ್ಕೆ ನನ್ನ ಮಗಳು ನೇಲ್ ಪಾಲಿಶಲ್ಲಿ ಮೂತಿ ಬರೆದಿದ್ದಾಳೆ. ಮೀಸೆ ಇರೋ ಮೂತಿ," ಎಂದ. ಸಿಕ್ಕಪ್ಪ ನಗುತ್ತ ಹೋಗಿ ಚೀಲ ತಂದುಕೊಟ್ಟ.

ಈ ಕೆಲಸದ ಕ್ರಮವೇ ಹಾಗೆ. ಸಿಕ್ಕ ವಸ್ತುವಿನ ಬಗ್ಗೆ ಫಲಕದ ಮೇಲೆ ಎಲ್ಲವನ್ನೂ ಬರೆಯುವಂತಿಲ್ಲ. ಬರೆದರೆ ಹೋಗುವವನು ಬರುವವನು ಎಲ್ಲ ಓದಿಕೊಂಡು ಬಂದು ನನ್ನದು ಎನ್ನುತ್ತಾನೆ. ಹಾಗಾಗಿ ಆ ವಸ್ತುವಿನಲ್ಲಿ ಯಾವುದು ಎಲ್ಲಕ್ಕಿಂತ ಮುಖ್ಯವೋ, ಯಾವುದನ್ನು ಕಂಡರೆ ಅದು ಇಂಥವರದೇ ಎಂದು ಹೇಳಬಹುದೋ, ಅದನ್ನೇ ಆರಿಸಿ ಮುಚ್ಚಿಡಬೇಕು. ನಿಜವಾದ ಒಡೆಯ ಬಂದು ತಾನಾಗಿ ಹೇಳುವವರೆಗೆ ಬಾಯಿ ಬಿಡಬಾರದು. ಮೀಸೆ ಬಲಿತಾಗಿನಿಂದ ತಲೆ ನರೆಯುವವರೆಗೆ ಇದನ್ನೇ ಮಾಡಿದ ಮನುಷ್ಯ ಸಿಕ್ಕಪ್ಪ. ಕಥೆಗೆ ಟ್ಯಾಗು ಹಾಕು ಎಂದರೆ ಅವನ ಕೈ ಬೇರೇನು ಮಾಡೀತು?

ಪಾಸಕ್ಕ ಅಡ್ಡಗೋಡೆಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದವಳು ಹಣೆ ಚಚ್ಚಿಕೊಂಡಳು.

"ಅಯ್ಯೋ, ಈಗ ಗೊತ್ತಾಯ್ತು! ಬಸ್ಸಲ್ಲಿ ಮಲಗಿಬಿಟ್ಟ ಅಜ್ಜನ ಕಥೆಗೆ ನಿದ್ದೆ ಅಂತಾನೂ ಇಲ್ಲ, ಅಜ್ಜ ಅಂತಾನೂ ಇಲ್ಲ. ಒಂಟಿ ಚಪ್ಪಲಿ ಕಥೆಗೆ 'ಚರ್ಮ' ಅಂತ ಹಾಕಿದ್ರಿ. ಚರ್ಮ! ಅದನ್ನ ಓದೋಕೆ ಬಂದವರು ತುರಿಕೆಗೆ ಔಷಧಿ ಕೇಳಿದ್ರು. ಸಿಕ್ಕಪ್ಪ, ನೀವು ಕಥೆಗಳನ್ನ ಕಪಾಟಲ್ಲಿಟ್ಟು ಬೀಗ ಹಾಕ್ತಾ ಇದ್ದೀರಿ ಕಣ್ರೀ!"

ಸಿಕ್ಕಪ್ಪನಿಗೆ ಇದು ಅಂದಿನವರೆಗೆ ಹೊಳೆದಿರಲಿಲ್ಲ. ಅವನು ಹೋಗಿ ತನ್ನ ಕುರ್ಚಿಯಲ್ಲಿ ಕುಳಿತ. ತನ್ನ ಮೇಲೆ ತನಗೇ ನಗು ಬಂತು. ಆದರೆ ಈ ಛತ್ರಿ ಕಥೆಗೆ ನೂರು ಜನ ಓದುಗರು ಸಿಗಲೇಬೇಕಿತ್ತು. ಉಳಿದ ಕಥೆಗಳು ಹೇಗಾದರೂ ಹೋಗಲಿ, ಇದೊಂದಕ್ಕೆ ಸಿಗಬೇಕಿತ್ತು.

ನೂರು ಎನ್ನುವುದು ಅವನ ಹೆಂಡತಿ ಹಾಕಿದ ಷರತ್ತು. ಅವಳು ಶಾಲೆಯಲ್ಲಿ ಲೆಕ್ಕದ ಮೇಡಂ. ಅವನು ಮೊದಲ ಕಥೆ ಬರೆದು ಮುಗಿಸಿ ಅವಳ ಮುಂದೆ ಇಟ್ಟಾಗ ಅವಳು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಕೈಯಲ್ಲಿ ಕೆಂಪು ಪೆನ್ನಿತ್ತು. ಅಭ್ಯಾಸಬಲ, ಕಥೆಯನ್ನೂ ತಿದ್ದಿಬಿಟ್ಟಳು. ಅಲ್ಪವಿರಾಮಗಳನ್ನು ಸುತ್ತಿ, ಎರಡು ಕಡೆ "ಇದು ಹೇಗೆ ಬಂತು?" ಎಂದು ಬರೆದು, ಕೊನೆಗೆ ತನಗೇ ಅರಿವಿಲ್ಲದೆ ಒಂದು ಸರಿ ಗುರುತನ್ನೂ ಎಳೆದಿದ್ದಳು. ಸಿಕ್ಕಪ್ಪ ಹಾಳೆಗಳನ್ನು ಮಡಚಿ ಒಳಗಿಟ್ಟ. ಆದರೆ ಊಟಕ್ಕೆ ಕುಳಿತಾಗ ಅವನ ಮುಖ ನೋಡಿದ ಅವಳಿಗೆ ತನ್ನ ಕೈ ಮುರಿದುಹೋಗಬಾರದೆ ಅನ್ನಿಸಿತು.

"ಇನ್ನು ನಾನು ಓದಲ್ಲ," ಎಂದಿದ್ದಳು. "ನೂರು ಜನ ಓದ್ಲಿ, ಆಮೇಲೆ ಓದ್ತೀನಿ. ನೂರು ಜನ ಒಪ್ಪಿದ್ದನ್ನ ತಿದ್ದೋಕೆ ನನಗೆ ಕೈ ಬರಲ್ಲ. ಅಲ್ಲಿವರೆಗೆ ನನ್ನ ಮುಂದೆ ತರಬೇಡಿ, ನನ್ನ ಕೈ ಒಳ್ಳೇದಲ್ಲ."

ಆಗ ತಮಾಷೆಗೆ ಹೇಳಿದ ಮಾತು. ಆದರೆ ಅವಳು ಮಾತಿಗೆ ತಪ್ಪುವ ಜಾಯಮಾನದವಳಲ್ಲ. ಇವನು ಕೇಳಿಕೊಳ್ಳುವ ಜಾಯಮಾನದವನಲ್ಲ. ಕಥೆಗಳ ಮೇಲೆ ಕಥೆ ಬರೆದ, ಅವಳು ಓದಲಿಲ್ಲ. ಈಗ ಈ ಛತ್ರಿಯ ಕಥೆ ಬರೆದಿದ್ದ. ಅದರಲ್ಲಿ ಇದ್ದದ್ದು ಅವಳೇ.

ಕಥೆ ಇಷ್ಟು. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಕಿಟಕಿಗೆ ಬಂದು ಕಪ್ಪು ಛತ್ರಿ ಕಳೆದಿದೆ ಎನ್ನುತ್ತಾಳೆ. ಗುಮಾಸ್ತ ಗುರುತು ಕೇಳುತ್ತಾನೆ. ಅವಳು ಏನೂ ಹೇಳದೆ ಹೋಗಿಬಿಡುತ್ತಾಳೆ. ಮತ್ತೆ ಬರುತ್ತಾಳೆ, ಅವನು ಮತ್ತೆ ಕೇಳುತ್ತಾನೆ, ಅವಳು ಬಾಯಿ ತೆರೆದು ಮುಚ್ಚಿ ಹೊರಟುಹೋಗುತ್ತಾಳೆ. ಮೂರನೆಯ ಸಲ ಬಂದಾಗ ಅವನು ಛತ್ರಿ ತಂದುಕೊಡುತ್ತಾನೆ. ಅವಳು ತೆಗೆದುಕೊಂಡು ಹೋಗುತ್ತಾಳೆ. ಅವನು ಕಿಟಕಿಯಲ್ಲಿ ನಿಂತು, ಛತ್ರಿ ಬಿಚ್ಚಿಕೊಂಡು ದೂರವಾಗುವ ಅವಳನ್ನು ಕಾಣುವಷ್ಟು ದೂರ ನೋಡುತ್ತಾನೆ.

ಕಥೆಯಲ್ಲಿ ಬಿಟ್ಟದ್ದು ಗುರುತನ್ನು. ಆ ಛತ್ರಿಗೆ ಬಾಗಿದ ಮರದ ಹಿಡಿ ಇತ್ತು. ಹಿಡಿಯ ಬಾಗಿನ ಮೇಲೆ ಹಲ್ಲಿನ ಗುರುತುಗಳು, ಸಾಲಾಗಿ, ಅಚ್ಚೊತ್ತಿದ ಹಾಗೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಲೆಕ್ಕದ ಮೇಡಂ ಬಸ್ಸಿಗೆ ಕಾಯುತ್ತ ನಾಳೆಯ ಪಾಠದ ಲೆಕ್ಕ ಹಾಕುವಾಗ ಛತ್ರಿಯ ಹಿಡಿಯನ್ನು ಕಚ್ಚುತ್ತಿದ್ದಳು. ಕಚ್ಚುತ್ತಿರುವುದು ಅವಳ ಗಮನಕ್ಕೇ ಬರುತ್ತಿರಲಿಲ್ಲ. ಆದರೆ ಕಿಟಕಿಯಲ್ಲಿ ಗುರುತು ಕೇಳಿದಾಗ ಅದೊಂದೇ ನೆನಪಾಯಿತು. ದಿನ ಬೆಳಗಾದರೆ ಮಕ್ಕಳಿಗೆ ಪೆನ್ಸಿಲ್ ಕಚ್ಚಬೇಡಿ ಎಂದು ಬೈಯುವವಳು, ಕಿಟಕಿಯ ಹಿಂದೆ ಕುಳಿತ ಅಪರಿಚಿತ ಗಂಡಸಿನ ಮುಂದೆ ಇದನ್ನು ಹೇಗೆ ಹೇಳುವುದು? ಹೇಳದೆ ಹೋದಳು. ಆದರೆ ಛತ್ರಿ ಅವಳ ಅಜ್ಜಿಯದು, ಬಿಡುವ ಹಾಗೂ ಇರಲಿಲ್ಲ. ಮತ್ತೆ ಬಂದಳು.

ಎರಡನೆಯ ಸಲ ಅವಳು ಹೋದ ಮೇಲೆ ಸಿಕ್ಕಪ್ಪನಿಗೆ ಎಲ್ಲ ಅರ್ಥವಾಗಿತ್ತು. ಹಾಗೆಂದು ಸುಮ್ಮನೆ ಕೊಟ್ಟುಬಿಡುವುದು ಕ್ರಮವಲ್ಲ. ಒಂದು ಇಡೀ ಸಂಜೆ ಯೋಚನೆ ಮಾಡಿ, ಮೂರನೆಯ ಸಲ ಅವಳು ಬಂದಾಗ, ಕಡತವನ್ನು ನೋಡುವ ನಾಟಕ ಮಾಡುತ್ತ ಕೇಳಿದ್ದ.

"ನಿಮ್ಮ ಮನೇಲಿ ನಾಯಿಮರಿ ಏನಾದ್ರೂ ಇದೆಯಾ, ಮೇಡಂ?"

ಅವಳು ಅವನ ಮುಖವನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಕೆಂಪಗಾಗಿ, "ಇದೆ. ಬಹಳ ತಂಟೆ. ಸಿಕ್ಕಿದ್ದೆಲ್ಲ ಕಚ್ಚುತ್ತೆ," ಎಂದಳು.

"ಹಾಗಾದ್ರೆ ಛತ್ರಿ ನಿಮ್ಮದೇ," ಎಂದು ಅವನು ಕೊಟ್ಟುಬಿಟ್ಟ.

ಮುಂದೆ ಅವರ ಮನೆಗೆ ಸಂಬಂಧ ಕೇಳಲು ಹೋದಾಗ ಮಾತಿಗೆ ಮಾತು ಬೆಳೆಸಲು "ನಾಯಿಮರಿ ಕಾಣ್ತಾ ಇಲ್ವಲ್ಲ" ಎಂದ. ಹುಡುಗಿಯ ಅಪ್ಪ "ಯಾವ ನಾಯಿಮರಿ?" ಎಂದು ಕಣ್ಣರಳಿಸಿದ. ಒಳಗಿನಿಂದ ಅವಳು "ಓಡಿಹೋಯ್ತು!" ಎಂದು ಕೂಗಿದಳು. ಅಲ್ಲಿಗೆ ಆ ವಿಷಯ ಮುಗಿಯಿತು. ಮದುವೆಯಾಗಿ, ಮಗಳು ಹುಟ್ಟಿ ಬೆಳೆದು ಅವಳ ಮದುವೆಯೂ ಆಯಿತು. ಓಡಿಹೋದ ನಾಯಿಮರಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಮನೆಯಲ್ಲಿದ್ದ ಪೆನ್ನುಗಳ ತುದಿಯೆಲ್ಲ ಜಜ್ಜಿಹೋಗಿರುತ್ತಿತ್ತು. ಸಿಕ್ಕಪ್ಪ ಹೊಸದು ತಂದಿಡುತ್ತಿದ್ದ. ಅವಳು ಯೋಚನೆಯಲ್ಲಿ ಮುಳುಗಿ ಏನನ್ನಾದರೂ ಬಾಯಿಗಿಟ್ಟಳೆಂದರೆ ಅವನು ತಟ್ಟನೆ ಕಿಟಕಿಯ ಕಡೆಗೋ ಗಡಿಯಾರದ ಕಡೆಗೋ ತಿರುಗುತ್ತಿದ್ದ. ಹೀಗೆ ಮುಖ ತಿರುಗಿಸುವುದು ಅವನಿಗೆ ಉಸಿರಾಡುವಷ್ಟು ಸಲೀಸಾಗಿತ್ತು.

"ಇನ್ನೊಂದು ಮಾತು," ಎಂದಳು ಪಾಸಕ್ಕ. ನೂರರ ಷರತ್ತು ಬಿಟ್ಟರೆ ಅವಳಿಗೆ ಇದಾವುದೂ ಗೊತ್ತಿರಲಿಲ್ಲ. "ಆ ಹೆಂಗಸು ಮೂರು ಸಲ ಯಾಕೆ ಬಂದ್ಲು? ಗುರುತು ಯಾಕೆ ಹೇಳ್ಲಿಲ್ಲ?"

"ಅದನ್ನ ಹೇಳೋ ಹಾಗಿಲ್ಲ."

"ಹೋಗ್ಲಿ, ಅವನು ಅವಳನ್ನ ಅಷ್ಟು ದೂರ ನೋಡ್ತಾ ನಿಂತನಲ್ಲ, ಪ್ರೇಮ ಅಂತಾದ್ರೂ ಹಾಕಿ."

"ಛೇ ಛೇ," ಎಂದ ಸಿಕ್ಕಪ್ಪ. ಆ ಪದವನ್ನು ಅವನು ಹೆಂಡತಿಯ ಎದುರು ಈವರೆಗೆ ಬಾಯಿಬಿಟ್ಟು ಆಡಿರಲಿಲ್ಲ. ಊರವರೆಲ್ಲ ನೋಡುವ ಕಡೆ ಹಾಕುವುದೆಂದರೆ?

ಪಾಸಕ್ಕನ ಕಿಟಕಿಯಲ್ಲಿ ಯಾರೋ ನಾಣ್ಯದಿಂದ ಗಾಜು ತಟ್ಟಿದರು. "ಬಂದೆ ಇರಿ, ಪಾಸೇನು ಓಡಿಹೋಗಲ್ಲ," ಎಂದು ಅವಳು ಕೆಳಗಿಳಿದಳು. ಒಂದೆರಡು ಪಾಸು ಬರೆದುಕೊಟ್ಟು ಮತ್ತೆ ಕುರ್ಚಿ ಹತ್ತಿದಾಗ ಅವಳ ಮುಖ ಬೆಳಗುತ್ತಿತ್ತು. ಅವಳಿಗೆ ದೆವ್ವದ ಕಥೆಗಳ ಹುಚ್ಚು. ಎರಡು ಪಾಸುಗಳ ನಡುವಿನ ಬಿಡುವಿನಲ್ಲಿ ಒಂದು ಅಧ್ಯಾಯ ಓದಿ ಮುಗಿಸುವಷ್ಟು ಹುಚ್ಚು.

"ದೆವ್ವ ಅಂತ ಹಾಕಿ."

"ದೆವ್ವ ಎಲ್ಲಿದೆ ನನ್ನ ಕಥೇಲಿ?"

"ಇಲ್ಲ ಅಂತ ಯಾರು ಹೇಳಿದ್ದು? ಬರ್ತಾಳೆ, ನಿಲ್ತಾಳೆ, ಮಾತಾಡಲ್ಲ, ಹೋಗ್ತಾಳೆ. ಮತ್ತೆ ಬರ್ತಾಳೆ. ನಾನು ನಿನ್ನೆ ಓದಿದ ಕಥೇಲೂ ಹೀಗೇ ಇತ್ತು. ನೂರೇನು, ನಾಳೆ ಬೆಳಿಗ್ಗೆಗೆ ಇನ್ನೂರು ಆಗದೇ ಇದ್ರೆ ನನ್ನನ್ನ ಪಾಸಕ್ಕ ಅಂತ ಕರೀಬೇಡಿ."

ಸಿಕ್ಕಪ್ಪ ಒಪ್ಪಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಮೊಬೈಲು ತೆಗೆದು ನೋಡಿದ. ಇನ್ನೂ ನಾಲ್ಕೇ. ನಾಲ್ಕನೆಯ ಆಸಾಮಿ "ತುಂಬಾ ಉಪಕಾರ ಆಯ್ತು ಸರ್" ಎಂದು ಬರೆದಿದ್ದ. ಸಿಕ್ಕಪ್ಪ ಕಿಟಕಿಯಿಂದ ಹೊರಗೆ ಸ್ವಲ್ಪ ಹೊತ್ತು ನೋಡಿದ. ಹೆಂಡತಿ ಒಮ್ಮೆ ಓದಬೇಕು, ಅಷ್ಟೇ ತಾನೆ ಬೇಕಾದದ್ದು. ಆಮೇಲೆ ತೆಗೆದುಹಾಕಿದರಾಯಿತು. ಮಧ್ಯಾಹ್ನ ಎಂಬುದನ್ನು ಅಳಿಸಿ ಆ ಖಾನೆಯಲ್ಲಿ ದೆವ್ವ ಎಂದು ತುಂಬಿ, ಯಾರಾದರೂ ನೋಡಿದರೇನೋ ಎಂಬಂತೆ ಮೊಬೈಲನ್ನು ಜೇಬಿಗೆ ತುರುಕಿದ.

ಮರುದಿನ ಕಚೇರಿಗೆ ಬಂದು ಕುಳಿತಾಗ ನೂರೂ ದಾಟಿತ್ತು, ಇನ್ನೂರೂ ದಾಟಿತ್ತು. ಅಡ್ಡಗೋಡೆಯ ಆಚೆ ಪಾಸಕ್ಕ ಚಪ್ಪಾಳೆ ತಟ್ಟಿದಳು. ಸಿಕ್ಕಪ್ಪನಿಗೆ ಒಂದು ಗಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ಜನ ಬರೆದದ್ದನ್ನು ಓದತೊಡಗಿದ.

"ಲೇಖಕರು ಅವಳ ನೆರಳಿನ ಬಗ್ಗೆ ಒಂದು ಮಾತೂ ಬರೆದಿಲ್ಲ, ಗಮನಿಸಿ," ಎಂದು ಒಬ್ಬ. "ಗುರುತು ಹೇಳಿದರೆ ಅವಳಿಗೆ ಬಿಡುಗಡೆ, ಅದಕ್ಕೇ ಹೇಳುತ್ತಿಲ್ಲ. ಅದ್ಭುತ," ಎಂದು ಇನ್ನೊಬ್ಬಳು. "ಪಾಪದ ಗುಮಾಸ್ತ, ಛತ್ರಿ ಕೊಟ್ಟ ಮೇಲೆ ಬದುಕಿದ್ದನಾ?" ಎಂದು ಮತ್ತೊಬ್ಬ. ಅದರ ಕೆಳಗೆ "ಬದುಕಿರಲಿಕ್ಕಿಲ್ಲ" ಎಂದು ಮೂರು ಜನ. ಆ ಹೆಂಗಸು ಸತ್ತು ಎಷ್ಟು ವರ್ಷವಾಗಿತ್ತು ಎಂಬ ಬಗ್ಗೆ ಇಬ್ಬರು ಜಗಳವನ್ನೇ ಆಡಿದ್ದರು.

ಸಿಕ್ಕಪ್ಪ ಮುಚ್ಚಿಟ್ಟ ಜಾಗದಲ್ಲಿ ಜನ ಬಂದು ಬೇರೇನನ್ನೋ ತುಂಬಿಬಿಟ್ಟಿದ್ದರು. ನಾಚಿಕೊಂಡು ಕೆಂಪಗಾದ, ಜೀವಂತ, ಇಪ್ಪತ್ತನಾಲ್ಕರ ಹುಡುಗಿಯನ್ನು ಇವನ ಒಂದು ಪದ ಪಿಶಾಚಿ ಮಾಡಿತ್ತು. ಟ್ಯಾಗನ್ನು ಆಗಲೇ ಅಳಿಸಿದ. ಆದರೆ ಜನ ಬರೆದ ಮಾತುಗಳನ್ನು ಅಳಿಸುವ ದಾರಿ ಅವನಿಗೆ ಸಿಗಲಿಲ್ಲ. ಬಂದವರು ಬರುತ್ತಲೇ ಇದ್ದರು. ನೂರು ಬೇಕೆಂದು ಹಂಬಲಿಸಿದವನು ಈಗ, ಅವಳ ಕಣ್ಣಿಗೆ ಇದು ಬೀಳದಿದ್ದರೆ ಸಾಕಪ್ಪಾ ಎಂದು ಬೇಡುವಂತಾಯಿತು.

"ಯಾಕ್ರೀ ಮುಖ ಹಾಗೆ? ಗೆದ್ದಿರಲ್ಲ," ಎಂದಳು ಪಾಸಕ್ಕ.

"ಗೆದ್ದೆ," ಎಂದ ಸಿಕ್ಕಪ್ಪ.

ಸಂಜೆ ಮನೆಗೆ ಹೋದಾಗ ಹೆಂಡತಿ ಇನ್ನೂ ಬಂದಿರಲಿಲ್ಲ. ಮುಖ ತೊಳೆದುಕೊಂಡು, ಹಗ್ಗದ ಮೇಲಿನ ಬಟ್ಟೆಗಳನ್ನು ತಂದು ಮಂಚದ ಮೇಲೆ ರಾಶಿ ಹಾಕಿ ಒಂದೊಂದೇ ಮಡಚತೊಡಗಿದ. ಬಾಗಿಲ ಹಿಂದಿನ ಮೊಳೆಗೆ ಆ ಛತ್ರಿ ನೇತಾಡುತ್ತಿತ್ತು. ಬಟ್ಟೆ ಹರಿದು ಬೇರೆ ಹಾಕಿಸಿದ್ದರು, ಕಡ್ಡಿ ಮುರಿದು ಬೇರೆ ಹಾಕಿಸಿದ್ದರು, ಹಿಡಿ ಮಾತ್ರ ಅದೇ. ಎಲ್ಲ ಹೇಳಿಬಿಡುವುದೇ ಸರಿ ಎಂದು ತೀರ್ಮಾನಿಸಿದ. ಹೇಗೆ ಶುರುಮಾಡುವುದೆಂದು ಯೋಚಿಸುತ್ತಿರುವಾಗಲೇ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಸದ್ದು ಕೇಳಿಸಿತು.

ಅವಳು ಒಳಗೆ ಬಂದು, ಚಪ್ಪಲಿ ಬಿಟ್ಟು, ಕೈಚೀಲವನ್ನು ಕುರ್ಚಿಯ ಮೇಲಿಟ್ಟಳು. ನೀರು ಕುಡಿದಳು. ಆಮೇಲೆ ಮಂಚದ ಇನ್ನೊಂದು ತುದಿಯಲ್ಲಿ ಕುಳಿತು ಒಂದು ಟವೆಲ್ ಎತ್ತಿಕೊಂಡು ಮಡಚತೊಡಗಿದಳು.

"ಇವತ್ತು ಸ್ಟಾಫ್ ರೂಮಲ್ಲಿ ಡ್ರಾಯಿಂಗ್ ಮೇಡಂ ಒಂದು ಕಥೆ ಓದಿ ಹೇಳಿದ್ಲು," ಎಂದಳು. "ಎಲ್ರೂ ಊಟ ಬಿಟ್ಟು ಕೇಳಿದ್ರು. ಬಸ್ ಸ್ಟ್ಯಾಂಡಲ್ಲಿ ಒಂದು ದೆವ್ವ ಛತ್ರಿ ಕೇಳ್ಕೊಂಡು ಬರುತ್ತಂತೆ."

ಸಿಕ್ಕಪ್ಪನ ಕೈಯಲ್ಲಿದ್ದ ಅಂಗಿ ಅಲ್ಲೇ ನಿಂತಿತು.

"ಆ ಹೆಂಗಸನ್ನ ನೆನೆಸ್ಕೊಂಡ್ರೆ ಮೈ ಜುಂ ಅನ್ನುತ್ತೆ ಅಂದ್ಲು ಡ್ರಾಯಿಂಗ್ ಮೇಡಂ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳ ಡಬ್ಬಿಯಿಂದಲೇ ತಿಂತಾ ಇದ್ದೆ."

"ನಾನು ಹಾಗೆ ಬರೆದಿರಲಿಲ್ಲ," ಎಂದ ಸಿಕ್ಕಪ್ಪ. "ಟ್ಯಾಗು... ನೂರು ಆಗ್ಲಿ ಅಂತ ಹಾಕಿದ್ದು. ನೀನು ಓದ್ಲಿ ಅಂತ. ಬೆಳಿಗ್ಗೇನೇ ತೆಗೆದೆ. ಈ ನೂರನ್ನ ಲೆಕ್ಕಕ್ಕೆ ಹಿಡೀಬೇಡ. ಅವರು ಬೇರೆ ಏನನ್ನೋ ಕೇಳ್ಕೊಂಡು ಬಂದೋರು. ತಪ್ಪು ಗುರುತು ಹೇಳಿ ಮಾಲು ತಗೊಂಡು ಹೋದ ಹಾಗೆ."

"ನೂರು ಅಂದ್ರೆ ನೂರು," ಎಂದಳು ಲೆಕ್ಕದ ಮೇಡಂ. "ಕೊಡಿ ಇಲ್ಲಿ."

ಮೊಬೈಲು ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು, ಕಾಲು ಮಡಚಿ, ಗೋಡೆಗೆ ಒರಗಿ ಓದತೊಡಗಿದಳು. ಸಿಕ್ಕಪ್ಪ ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದ. ಅವಳ ಬೆರಳು ನಿಧಾನವಾಗಿ ತೆರೆಯ ಮೇಲೆ ಸರಿಯುತ್ತಿತ್ತು. ಒಂದು ಕಡೆ ನಿಂತಿತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ಎದುರು ಮನೆಯವರು ಗಿಡಕ್ಕೆ ನೀರು ಬಿಡುವ ಸದ್ದು ಕೇಳಿಸುತ್ತಿತ್ತು. ಇವಳ ಮುಖದಲ್ಲಿ ಏನೂ ಓದಲಾಗದೆ ಅವನು ಕಾಲುಚೀಲಗಳನ್ನು ಜೋಡಿ ಮಾಡಿ ಮಾಡಿ ತಪ್ಪು ಜೋಡಿ ಕಟ್ಟಿಟ್ಟ.

ಕೊನೆಗೆ ಅವಳು ಕನ್ನಡಕ ತೆಗೆದಳು.

"ಅಲ್ಪವಿರಾಮ ಎಲ್ಲಾ ಸರಿಯಾಗಿದೆ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. "ನಾನು ಹೋಗೋದನ್ನ ನೀವು ಅಷ್ಟು ದೂರ ನೋಡ್ತಾ ನಿಂತಿದ್ರಾ?"

"ನೀರಿನ ಟ್ಯಾಂಕಿನವರೆಗೆ. ಅಲ್ಲಿ ರಸ್ತೆ ತಿರುಗುತ್ತೆ."

"ಯಾವತ್ತೂ ಹೇಳ್ಲಿಲ್ಲ."

ಅವಳು ಬಾಗಿಲ ಹಿಂದಿನ ಛತ್ರಿಯ ಕಡೆ ನೋಡಿದಳು.

"ಗುರುತು ಏನು ಅಂತ ಕಥೇಲಿ ಎಲ್ಲೂ ಇಲ್ಲ. ನಾಯಿಮರೀನೂ ಇಲ್ಲ."

"ಅದು ನಿನ್ನದು. ನೀನಾಗಿ ಹೇಳೋವರೆಗೆ ನಾನು ಹೇಳೋ ಹಾಗಿಲ್ಲ."

"ನಾಯಿಮರಿ ಇರ್ಲಿಲ್ಲ ಅಂತ ನಿಮಗೆ ಯಾವತ್ತು ಗೊತ್ತಾಯ್ತು? ನಮ್ಮನೆಗೆ ಬಂದ ದಿನಾನಾ?"

"ಕಿಟಕಿಯಲ್ಲಿ ಕೇಳೋಕೆ ಮುಂಚೇನೇ ಗೊತ್ತಿತ್ತು," ಎಂದ ಸಿಕ್ಕಪ್ಪ. "ನಾಯಿ ಹಲ್ಲು ಚೂಪು. ಚುಚ್ಚಿದ ಹಾಗೆ ಬೀಳುತ್ತೆ. ಹಾಗೆ ಚೆಂದ ಸಾಲಾಗಿ ಬೀಳಲ್ಲ."

ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಮಡಚಿಟ್ಟ ಬಟ್ಟೆಯ ರಾಶಿಯ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಿಕ್ಕಪ್ಪನಿಗೂ ತಡೆಯಲಾಗಲಿಲ್ಲ. ಎದುರು ಮನೆಯವರು ನೀರು ಬಿಡುವುದನ್ನು ನಿಲ್ಲಿಸಿ ಇತ್ತ ನೋಡಿದರು.

"ಇಷ್ಟು ವರ್ಷ!" ಎಂದಳು ಕಣ್ಣೊರೆಸಿಕೊಳ್ಳುತ್ತ. "ನಾನು ಪೆನ್ನು ಬಾಯಿಗಿಟ್ಟ ಕೂಡ್ಲೇ ನೀವು ಗಡಿಯಾರ ನೋಡ್ತಿದ್ರಲ್ಲ, ಇವರಿಗೇನು ಅಷ್ಟೊಂದು ಅವಸರ ಅಂದ್ಕೋತಿದ್ದೆ ನಾನು!"

ಎದ್ದು ಕುಳಿತು ಕೂದಲು ಸರಿಮಾಡಿಕೊಂಡು, ಮೊಬೈಲನ್ನು ಮತ್ತೆ ಎತ್ತಿಕೊಂಡಳು. ತಿದ್ದುವ ಗುಂಡಿ ಎಲ್ಲಿದೆ ಎಂದು ಕೇಳಿದಳು. ಅವನು ತೋರಿಸಿದ. ಕಥೆಯಲ್ಲಿ ಆ ಹೆಂಗಸು ಎರಡನೆಯ ಸಲ ಬಾಯಿ ತೆರೆದು ಮುಚ್ಚುವ ಕಡೆ ಹೋಗಿ, ಒಂದೊಂದೇ ಅಕ್ಷರ ಒತ್ತಿ ಒಂದು ವಾಕ್ಯ ಸೇರಿಸಿದಳು: ಲೆಕ್ಕ ಮಾಡುವಾಗ ಛತ್ರಿಯ ಹಿಡಿ ಕಚ್ಚುವ ಅಭ್ಯಾಸ ಅವಳಿಗಿತ್ತು, ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು.

"ನಿನ್ನ ಶಾಲೆ ಮಕ್ಕಳು ನೋಡಿದ್ರೆ?" ಎಂದ ಸಿಕ್ಕಪ್ಪ.

"ನೋಡ್ಲಿ. ಪೆನ್ಸಿಲ್ ಕಚ್ಚೋವ್ರಿಗೆಲ್ಲ ಧೈರ್ಯ ಬರ್ಲಿ. ದೆವ್ವ ಅನ್ನಿಸ್ಕೊಳ್ಳೋದಕ್ಕಿಂತ ಹಲ್ಲಿರೋಳು ಅನ್ನಿಸ್ಕೊಳ್ಳೋದು ಮೇಲು. ಡ್ರಾಯಿಂಗ್ ಮೇಡಂಗೆ ನಾಳೆ ನಾನೇ ಓದಿ ಹೇಳ್ತೀನಿ."

ಟ್ಯಾಗುಗಳ ಜಾಗಕ್ಕೆ ಬಂದಳು. ಸಾರಿಗೆ, ಕಚೇರಿ, ಕಪ್ಪು, ವಿಚಾರಣೆ, ಎಲ್ಲವನ್ನೂ ಹಲಗೆ ಒರೆಸಿದ ಹಾಗೆ ಒರೆಸಿಹಾಕಿದಳು. ಮೊದಲ ಖಾನೆಯಲ್ಲಿ ಬರೆದಳು: ಹಲ್ಲಿನ ಗುರುತು. ಈ ವಿಷಯದಲ್ಲಿ ಇದುವರೆಗೆ ಯಾವ ಬರಹವೂ ಇಲ್ಲ, ಹೊಸದಾಗಿ ಸೇರಿಸಬೇಕೆ ಎಂದು ಮೊಬೈಲು ಕೇಳಿತು. ಹೌದು ಎಂದು ಒತ್ತಿದಳು.

"ಇದನ್ನ ಯಾರೂ ಹುಡುಕಲ್ಲ ಕಣೇ," ಎಂದ ಅವನು.

"ಹುಡುಕದೇ ಇರ್ಲಿ. ಸರಿಯಾಗಿದೆಯೋ ಇಲ್ವೋ?"

"ಸರಿಯಾಗಿದೆ."

"ಇನ್ನೂ ನಾಲ್ಕು ಖಾಲಿ ಇದೆ."

"ಒಂದು ನಾನು ಹಾಕ್ಲಾ?"

ಅವಳು ಮೊಬೈಲನ್ನು ಅವನ ಕಡೆ ಚಾಚಿದಳು. ಸಿಕ್ಕಪ್ಪ ಬಟ್ಟೆಗೆ ಕೈ ಒರೆಸಿಕೊಂಡು, ತೋರುಬೆರಳಿನಿಂದ ಅಕ್ಷರಗಳನ್ನು ಹುಡುಕಿ ಹುಡುಕಿ ಎರಡನೆಯ ಖಾನೆಯಲ್ಲಿ ಹೆಂಡತಿ ಎಂದು ಬರೆದ. ಅವಳು ಬಗ್ಗಿ ನೋಡಿದಳು. ಅವನ ಮೊಣಕೈಗೆ ತನ್ನ ಮೊಣಕೈ ತಾಗಿಸಿಕೊಂಡು ಹತ್ತಿರ ಸರಿದು ಕುಳಿತಳು.

"ಮೂರನೇದು ಏನು ಹಾಕೋಣ?" ಎಂದಳು.

ಹೊರಗೆ ಮತ್ತೆ ಗಿಡಕ್ಕೆ ನೀರು ಬೀಳತೊಡಗಿತು. ಅವಳು ಖಾಲಿ ಖಾನೆಯನ್ನೇ ನೋಡುತ್ತ ಯೋಚಿಸತೊಡಗಿದಳು. ಯೋಚಿಸುತ್ತ ಯೋಚಿಸುತ್ತ ಕೈಯಲ್ಲಿದ್ದ ಕನ್ನಡಕದ ಕಡ್ಡಿ ಮೆಲ್ಲಗೆ ಮೇಲೆ ಹೋಗಿ ಹಲ್ಲುಗಳ ನಡುವೆ ಸೇರಿಕೊಂಡಿತು. ಸಿಕ್ಕಪ್ಪನ ಕತ್ತು ಅಭ್ಯಾಸದಂತೆ ಗಡಿಯಾರದ ಕಡೆ ಹೊರಳಿತು. ಅರ್ಧಕ್ಕೆ ನಿಂತು, ಹಿಂದಕ್ಕೆ ಬಂತು. ಅವನು ಕುಳಿತಲ್ಲೇ ಅವಳನ್ನು ನೋಡುತ್ತಿದ್ದ.